ಗೆಳೆಯರ ಜೊತೆ ಕಾಮ್ರೇಡ್ಸ್ ಓಟಕ್ಕೆ: ಎಂಟ್ರಿಯಿಂದ ವಾಪಸ್ ವಿಮಾನದವರೆಗೆ

ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್ ಹೆಸರಿಗೆ ಮಾತ್ರ ಮ್ಯಾರಥಾನ್. ಮಾಮೂಲಿ ಮ್ಯಾರಥಾನ್ 42 ಕಿಲೋಮೀಟರ್. ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ಅನ್ನೋ ಎರಡು ಊರುಗಳ ನಡುವೆ ಓಡುವ ದೂರ ಸುಮಾರು 86ರಿಂದ 90 ಕಿಲೋಮೀಟರ್. ಒಂದು ವರ್ಷ ಕಡಲ ತೀರದ ಡರ್ಬನ್‌ನಿಂದ ಮೇಲಕ್ಕೆ ಓಡಿದರೆ, ಮುಂದಿನ ವರ್ಷ ಮೇಲಿನಿಂದ ಕೆಳಕ್ಕೆ. ಮೊದಲನೆಯದು ಅಪ್ ರನ್, ಎರಡನೆಯದು ಡೌನ್ ರನ್. ಮುಗಿಸಲು 12 ಗಂಟೆ ಸಮಯ. ಅದರ ಮೇಲೆ ಒಂದು ಸೆಕೆಂಡ್ ಆದರೂ ಮೆಡಲ್ ಇಲ್ಲ.

ಮೊದಲನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ವಿಕ್ ಕ್ಲಾಫಮ್ ಎಂಬ ಸೈನಿಕ, ಸತ್ತುಹೋದ ಜೊತೆಗಾರರ ನೆನಪಿಗೆ ಈ ಓಟ ಶುರು ಮಾಡಿದರು. 1921ರ ಮೇ 24ರಂದು 34 ಜನ ಹೊರಟರು, 16 ಜನ ಮುಗಿಸಿದರು. ಈಗ ಸುಮಾರು ಇಪ್ಪತ್ತು ಸಾವಿರ ಜನ ಓಡುತ್ತಾರೆ. ಹೊರದೇಶಗಳಿಂದ ಬರುವವರಲ್ಲಿ ಇತ್ತೀಚಿನ ವರ್ಷಗಳಲ್ಲಿ ನಮ್ಮ ದೇಶದವರ ಗುಂಪು ತುಂಬಾ ದೊಡ್ಡದು. ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಬೆಳಿಗ್ಗೆ ಓಡುವವರನ್ನು ಕೇಳಿದರೆ, ಹೋಗಿ ಬಂದವರು ಇಲ್ಲವೇ ಹೋಗಬೇಕು ಅಂತ ಇರುವವರು ಸಿಕ್ಕೇ ಸಿಗುತ್ತಾರೆ.

ಇದು ಗೆಳೆಯರ ಗುಂಪು ಕಟ್ಟಿಕೊಂಡು ಹೋಗುವವರಿಗೆ ಬರೆದದ್ದು. ಓಟದ ತಯಾರಿ ಹೇಗೂ ಎಲ್ಲರೂ ಮಾಡುತ್ತಾರೆ. ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದ ನಾಲ್ಕು ಮಾತು ಮಾತ್ರ ಉಳಿದುಬಿಡುತ್ತವೆ. ಗುಂಪುಗಳು ಸೋಲುವುದು ಬೆಟ್ಟದ ಏರಿನಲ್ಲಿ ಅಲ್ಲ, ಈ ಮಾತು ಆಡದೆ ಇರುವುದರಲ್ಲಿ ಅಂತ ನಾನು ನಂಬಿದ್ದೇನೆ.

1. ಎಂಟ್ರಿಗಿಂತ ಮೊದಲು ಒಂದು ಸಂಜೆ ಕೂತು ಮಾತಾಡಿ

ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಜೊತೆಯಲ್ಲಿ ಓಡುತ್ತೀವಾ, ಅಥವಾ ಜೊತೆಯಲ್ಲಿ ಹೋಗಿ ಬೇರೆ ಬೇರೆ ಓಡುತ್ತೀವಾ?

ಸಲೀಸಾಗಿ ಬಾಯಿಗೆ ಬರುವ ಉತ್ತರ "ಎಲ್ಲ ಒಟ್ಟಿಗೇ ಓಡೋಣ ಬಿಡ್ರಪ್ಪ" ಅನ್ನೋದು. ದಯವಿಟ್ಟು ಅಷ್ಟಕ್ಕೇ ನಿಲ್ಲಿಸಬೇಡಿ. 90 ಕಿಲೋಮೀಟರ್‌ನಲ್ಲಿ ಎಲ್ಲರ ಕೆಟ್ಟ ಗಳಿಗೆ ಒಂದೇ ಕಡೆ ಬರುವುದಿಲ್ಲ. ಒಬ್ಬರಿಗೆ 35ರಲ್ಲಿ ಹೊಟ್ಟೆ ತೊಳಸುತ್ತದೆ, ಇನ್ನೊಬ್ಬರಿಗೆ 60ರಲ್ಲಿ ತೊಡೆ ಹಿಡಿದುಕೊಳ್ಳುತ್ತದೆ. ಪ್ರತಿಯೊಬ್ಬರ ಕೆಟ್ಟ ಗಳಿಗೆಗೂ ಎಲ್ಲರೂ ನಿಲ್ಲುತ್ತಾ ಹೋದರೆ, ನಿಂತ ಸಮಯವೇ ಸೇರಿ ಸೇರಿ ಒಂದು ಗಂಟೆ ದಾಟುತ್ತದೆ. ಆಮೇಲೆ ಯಾರೂ ಮುಗಿಸುವುದಿಲ್ಲ.

ನನ್ನ ಸಲಹೆ ಇಷ್ಟು. ಮಾಮೂಲಿ ಮ್ಯಾರಥಾನ್ ಮುಗಿಸುವ ಸಮಯದಲ್ಲಿ 15 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಇರುವವರು ಒಟ್ಟಿಗೆ ಓಡುವ ಮಾತು ಕೊಡಬೇಡಿ. ಹತ್ತಿರ ಹತ್ತಿರ ಇರುವವರು ಬೇಕಾದರೆ ಅರ್ಧ ದಾರಿಯ ಡ್ರಮಂಡ್‌ವರೆಗೆ ಒಟ್ಟಿಗೆ ಅಂತ ಇಟ್ಟುಕೊಳ್ಳಿ. ಅಲ್ಲಿಂದ ಮುಂದೆ ಯಾರು ಬೇಕಾದರೂ ಮುಂದೆ ಹೋಗಬಹುದು, ಯಾರೂ ಬೇಜಾರು ಮಾಡಿಕೊಳ್ಳಬಾರದು. ಇದನ್ನು ಬಾಯಿಬಿಟ್ಟು ಹೇಳಿ. ಹಿಂದೆ ಉಳಿದವರು "ನೀವು ಹೋಗಿ" ಅನ್ನಬೇಕು, ಮುಂದೆ ಇರುವವರು ಒಂದೇ ಸಲ ಕೇಳಿ ಹೊರಡಬೇಕು. ಬೆವರಿಳಿಯುತ್ತಾ, ಸುಸ್ತಾಗಿ, ರಸ್ತೆ ಮಧ್ಯೆ ಈ ಮಾತುಕತೆ ಮಾಡಲಿಕ್ಕೆ ಆಗುವುದಿಲ್ಲ.

ಇದರಲ್ಲಿ ಒಂದೇ ಒಂದು ವಿನಾಯಿತಿ ಇರಲಿ. ಗೆಳೆಯ ತಡವರಿಸುತ್ತಾ ನಡೆಯುತ್ತಿದ್ದರೆ, ಮಾತು ತೊದಲುತ್ತಿದ್ದರೆ, ಇಲ್ಲವೇ ಎದೆ ನೋವು ಅಂದರೆ ಸಮಯದ ಲೆಕ್ಕ ಬಿಟ್ಟು ನಿಂತುಬಿಡಿ. ವೈದ್ಯಕೀಯ ಸಿಬ್ಬಂದಿ ಕೈಗೆ ಅವರನ್ನು ಒಪ್ಪಿಸಿಯೇ ಮುಂದೆ ಹೋಗಿ.

ದುಡ್ಡಿನ ವಿಷಯವನ್ನೂ ಅದೇ ಸಂಜೆ ಮುಗಿಸಿ. ಎಂತಹ ಹೋಟೆಲ್, ರೂಮಿನಲ್ಲಿ ಎಷ್ಟು ಜನ, ಓಟ ಆದ ಮೇಲೆ ಎಷ್ಟು ದಿನ ಸುತ್ತಾಟ, ಯಾರಾದರೂ ಗಾಯವಾಗಿ ಬರಲಾಗದಿದ್ದರೆ ಅವರ ಪಾಲಿನ ರೂಮಿನ ದುಡ್ಡು ಏನು ಮಾಡೋದು. ಕೊನೆಯದು ಕೇಳಲು ಕಸಿವಿಸಿ ಅನಿಸುತ್ತೆ. ಆದರೆ ಇಷ್ಟು ಉದ್ದದ ಓಟಕ್ಕೆ ತಯಾರಾಗುವ ನಾಲ್ಕೈದು ಜನರಲ್ಲಿ ಒಬ್ಬರಿಗೆ ಮೊಣಕಾಲೋ ಹಿಮ್ಮಡಿಯೋ ಕೈಕೊಡುವುದು ಅಪರೂಪವೇನಲ್ಲ.

2. ಎಂಟ್ರಿ ಮತ್ತು ಕ್ವಾಲಿಫೈಯಿಂಗ್

ಓಟ ಸಾಮಾನ್ಯವಾಗಿ ಜೂನ್ ತಿಂಗಳ ಮೊದಲ ಅಥವಾ ಎರಡನೇ ಭಾನುವಾರ. ಎಂಟ್ರಿ ತೆರೆಯುವುದು ಹಿಂದಿನ ವರ್ಷದ ಅಕ್ಟೋಬರ್ ಸುಮಾರಿಗೆ. ಬೇಗ ಭರ್ತಿಯಾಗುತ್ತದೆ, ಹಾಗಾಗಿ ಎಲ್ಲರೂ ಒಂದೇ ದಿನ, ಒಂದೇ ಹೊತ್ತಿಗೆ ಕೂತು ಫಾರ್ಮ್ ತುಂಬಿ. ಒಬ್ಬರಿಗೆ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ ಇಡೀ ಯೋಜನೆ ಅಲ್ಲೇ ಮುರಿದುಬೀಳುತ್ತದೆ. ಹೊರದೇಶದವರಿಗೆ ಶುಲ್ಕ ಬೇರೆ, ಜಾಸ್ತಿ.

ಎಂಟ್ರಿ ಸಿಕ್ಕರೆ ಸಾಲದು, ಕ್ವಾಲಿಫೈ ಆಗಬೇಕು. ಇತ್ತೀಚಿನ ವರ್ಷಗಳಲ್ಲಿ ಒಂದು ಮಾಮೂಲಿ ಪೂರ್ತಿ ಮ್ಯಾರಥಾನನ್ನು 4 ಗಂಟೆ 50 ನಿಮಿಷದ ಒಳಗೆ ಮುಗಿಸಿರಬೇಕು ಅನ್ನೋ ನಿಯಮ ಇದೆ. ಅದೂ ಅವರು ಹೇಳಿದ ಅವಧಿಯೊಳಗೆ ಓಡಿದ್ದಾಗಿರಬೇಕು. ನಮ್ಮ ಕಡೆಯವರು ಹೆಚ್ಚಾಗಿ ನೆಚ್ಚಿಕೊಳ್ಳುವುದು ಜನವರಿಯ ಮುಂಬೈ ಮ್ಯಾರಥಾನ್ ಮೇಲೆ. ಅದೊಂದನ್ನೇ ನಂಬಬೇಡಿ. ಮುಂಬೈಯಲ್ಲಿ ಸೆಕೆ ಜೋರಾದರೆ 4:45 ಓಡುವವರು 5:05ಕ್ಕೆ ಬಂದು ನಿಲ್ಲುತ್ತಾರೆ. ಅಕ್ಟೋಬರ್ ಹೊತ್ತಿಗೆ ಬೆಂಗಳೂರಿನ ತಂಪಿನಲ್ಲಿ ಒಂದು ಓಡಿಟ್ಟುಕೊಂಡರೆ ಮುಂಬೈ ನಿಮ್ಮ ಎರಡನೇ ಅವಕಾಶ ಆಗುತ್ತದೆ.

ಕ್ವಾಲಿಫೈಯಿಂಗ್ ಸಮಯ ನೋಡಿ ನಿಮ್ಮನ್ನು ಸ್ಟಾರ್ಟ್‌ನಲ್ಲಿ ಯಾವ ಗುಂಪಿನಲ್ಲಿ ನಿಲ್ಲಿಸಬೇಕು ಅಂತ ತೀರ್ಮಾನಿಸುತ್ತಾರೆ. ಹಿಂದಿನ ಗುಂಪಿನಲ್ಲಿದ್ದರೆ ಗನ್ ಹೊಡೆದ ಮೇಲೆ ಗೆರೆ ತಲುಪಲಿಕ್ಕೇ ಹಲವು ನಿಮಿಷ ಬೇಕು. 12 ಗಂಟೆಯ ಎಣಿಕೆ ನೀವು ಗೆರೆ ದಾಟಿದ ಕ್ಷಣದಿಂದ ಅಲ್ಲ, ಗನ್‌ನಿಂದ ಶುರುವಾಗುತ್ತದೆ. ಆದ್ದರಿಂದ ಇನ್ನೂ ಚೆನ್ನಾದ ಸಮಯ ಓಡಿದರೆ ಅದನ್ನು ಅವರ ದಾಖಲೆಗೆ ಸೇರಿಸಲು ಮರೆಯಬೇಡಿ.

3. ತಯಾರಿ: ಆ ವರ್ಷ ಅಪ್ಪಾ, ಡೌನಾ ನೋಡಿಕೊಳ್ಳಿ

ಈ ದಾರಿಯಲ್ಲಿ ಐದು ದೊಡ್ಡ ಗುಡ್ಡಗಳಿಗೆ ಹೆಸರಿದೆ. ಡರ್ಬನ್ ಕಡೆಯಿಂದ ಕೌವೀಸ್ ಹಿಲ್, ಫೀಲ್ಡ್ಸ್ ಹಿಲ್, ಬೋಥಾಸ್ ಹಿಲ್, ಇಂಚಾಂಗಾ, ಪೋಲಿ ಶಾರ್ಟ್ಸ್. ಇವುಗಳ ಮಧ್ಯೆ ಹೆಸರಿಲ್ಲದ ಏರುಗಳು ಲೆಕ್ಕವಿಲ್ಲದಷ್ಟು. ಅಪ್ ರನ್‌ನಲ್ಲಿ ಪೋಲಿ ಶಾರ್ಟ್ಸ್ ಎದುರಾಗುವುದು ಓಟ ಮುಗಿಯಲು ಸುಮಾರು 8 ಕಿಲೋಮೀಟರ್ ಇರುವಾಗ. ಉದ್ದ 2 ಕಿಲೋಮೀಟರ್‌ಗೂ ಕಡಿಮೆ. ಬೇರೆ ದಿನ ಆಗಿದ್ದರೆ ಅದೊಂದು ಸಾಧಾರಣ ಏರು. ಅಲ್ಲಿ ಮಾತ್ರ ಮುಂದಿನ ಸಾಲಿನ ಓಟಗಾರರೂ ನಡೆಯುತ್ತಾರೆ.

ಡೌನ್ ರನ್ ಅಂದ ತಕ್ಷಣ ಸುಲಭ ಅನಿಸುತ್ತೆ ಅಲ್ವಾ? ಹೋಗಿ ಬಂದವರು ಒಪ್ಪುವುದಿಲ್ಲ. ಡೌನ್ ರನ್‌ನಲ್ಲೂ ಸಾವಿರ ಮೀಟರ್‌ಗೂ ಹೆಚ್ಚು ಏರು ಇದೆ. ಇನ್ನು ಫೀಲ್ಡ್ಸ್ ಹಿಲ್ ಬರುವುದು ಅರವತ್ತು ಚಿಲ್ಲರೆ ಕಿಲೋಮೀಟರ್ ಓಡಿದ ಮೇಲೆ. ಮೂರು ಕಿಲೋಮೀಟರ್ ಉದ್ದದ ಕಡಿದಾದ ಇಳಿಜಾರು. ಪ್ರತಿ ಹೆಜ್ಜೆಗೂ ಮೈಭಾರವನ್ನು ತೊಡೆಯ ಮುಂಭಾಗದ ಸ್ನಾಯು ತಡೆದು ನಿಲ್ಲಿಸಬೇಕು. ಇಳಿಜಾರಿಗೆ ಪಳಗದ ತೊಡೆಗಳು ಅಲ್ಲಿ ನಡುಗಲು ಶುರುವಾಗುತ್ತವೆ. ಆಮೇಲೆ ಉಳಿದ ದೂರ ಸಪಾಟಾಗಿದ್ದರೂ ಓಡಲು ಆಗುವುದಿಲ್ಲ.

ನಮ್ಮಲ್ಲಿ ಇದಕ್ಕೆ ಜಾಗಗಳಿವೆ. ನಂದಿಬೆಟ್ಟದ ರಸ್ತೆ ಏಳೆಂಟು ಕಿಲೋಮೀಟರ್ ಬಿಡದೆ ಏರುತ್ತದೆ. ಮೈಸೂರಿನವರಿಗೆ ಚಾಮುಂಡಿ ಬೆಟ್ಟ ಮನೆ ಬಾಗಿಲಲ್ಲೇ ಇದೆ. ಅಪ್ ರನ್ ವರ್ಷ ಹತ್ತುವುದಕ್ಕೆ ಒತ್ತು ಕೊಡಿ. ಡೌನ್ ರನ್ ವರ್ಷ ಹತ್ತುವುದನ್ನು ನಡೆದೇ ಹತ್ತಿದರೂ ಪರವಾಗಿಲ್ಲ, ಇಳಿಯುವುದನ್ನು ಓಡಿ. ಚಿಕ್ಕ ಹೆಜ್ಜೆ, ಮೊಣಕಾಲು ಸ್ವಲ್ಪ ಬಾಗಿರಲಿ, ಮೈ ಹಿಂದಕ್ಕೆ ವಾಲಬಾರದು. ಮೊದಲ ಸಲ ಇಳಿದಾಗ ಎರಡು ದಿನ ಮೆಟ್ಟಿಲು ಇಳಿಯಲು ಕಷ್ಟ. ಮೂರನೇ ನಾಲ್ಕನೇ ಸಲಕ್ಕೆ ಆ ನೋವು ಬಹಳ ಕಡಿಮೆಯಾಗುತ್ತದೆ. ಸ್ನಾಯು ಕಲಿತುಕೊಳ್ಳುತ್ತದೆ, ಮತ್ತು ಆ ಕಲಿಕೆ ಕೆಲವು ವಾರ ಉಳಿಯುತ್ತದೆ. ಕೊನೆಯ ದೊಡ್ಡ ಇಳಿಜಾರಿನ ಓಟವನ್ನು ಓಟಕ್ಕೆ ಮೂರು ನಾಲ್ಕು ವಾರ ಮುಂಚೆ ಮುಗಿಸಿಬಿಡಿ.

ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಓಟಗಳು ಸಹನೆ ಕಲಿಸಲು ಚೆನ್ನ. ಆದರೆ ಕಾಮ್ರೇಡ್ಸ್ ಪೂರ್ತಿ ಡಾಂಬರು ರಸ್ತೆ. ಹಾಗಾಗಿ ಉದ್ದದ ಓಟಗಳಲ್ಲಿ ಹೆಚ್ಚಿನವು ಡಾಂಬರಿನ ಮೇಲೇ ಇರಲಿ. ಏಪ್ರಿಲ್ ಕೊನೆ ಇಲ್ಲವೇ ಮೇ ಶುರುವಿನಲ್ಲಿ 50ರಿಂದ 60 ಕಿಲೋಮೀಟರ್‌ನ ಒಂದು ಓಟ ಸಾಕು. ಅದಕ್ಕಿಂತ ಜಾಸ್ತಿ ಬೇಡ.

ನಡಿಗೆಯನ್ನೂ ಅಭ್ಯಾಸ ಮಾಡಿ. ಎಂಟು ನಿಮಿಷ ಓಟ, ಎರಡು ನಿಮಿಷ ಬಿರುಸಿನ ನಡಿಗೆ, ಹೀಗೆ ಮೊದಲ ಕಿಲೋಮೀಟರ್‌ನಿಂದಲೇ. ಸುಸ್ತಾದ ಮೇಲೆ ನಡೆಯುವುದು ಬೇರೆ, ಸುಸ್ತಾಗದ ಹಾಗೆ ನಡೆಯುವುದು ಬೇರೆ. ಇದನ್ನು ಗುಂಪಾಗಿ ಅಭ್ಯಾಸ ಮಾಡಿದರೆ ಯಾರ ಪೇಸ್ (ಓಟದ ವೇಗ) ಯಾರಿಗೆ ಹೊಂದುತ್ತದೆ ಅನ್ನೋದೂ ಊರಿನಲ್ಲೇ ಗೊತ್ತಾಗುತ್ತದೆ.

4. ವೀಸಾ, ಟಿಕೆಟ್, ಹಳದಿ ಜ್ವರದ ಕಾರ್ಡ್

ದಕ್ಷಿಣ ಆಫ್ರಿಕಾಕ್ಕೆ ನಮಗೆ ವೀಸಾ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ರಜೆ ಪತ್ರ, ಹೋಟೆಲ್ ಬುಕಿಂಗ್, ಟಿಕೆಟ್ ಎಲ್ಲದರ ಜೊತೆಗೆ ಓಟದ ಎಂಟ್ರಿ ಖಾತ್ರಿಯಾದ ಪತ್ರವನ್ನೂ ಇಡಿ. ಗುಂಪಿನವರೆಲ್ಲರ ಪ್ರಯಾಣದ ವಿವರ ಒಂದೇ ರೀತಿ ಇರಲಿ. ಒಬ್ಬರ ಅರ್ಜಿಯಲ್ಲಿ ಹತ್ತು ದಿನ, ಇನ್ನೊಬ್ಬರದರಲ್ಲಿ ಹದಿನಾಲ್ಕು ದಿನ ಇದ್ದರೆ ಸುಮ್ನೆ ಪ್ರಶ್ನೆಗಳು ಬರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಎರಡು ಖಾಲಿ ಪುಟ ಇದೆಯಾ ನೋಡಿಕೊಳ್ಳಿ. ಮಾರ್ಚ್ ಕೊನೆಗೆ ಅರ್ಜಿ ಹಾಕುವ ಹಾಗೆ ಲೆಕ್ಕ ಇಟ್ಟುಕೊಳ್ಳಿ, ಬೇಸಿಗೆ ರಜೆಯಲ್ಲಿ ವೀಸಾ ಕೇಂದ್ರಗಳು ತುಂಬಿ ತುಳುಕುತ್ತವೆ. ನಿಯಮಗಳು ಬದಲಾಗುತ್ತಾ ಇರುತ್ತವೆ. ಅರ್ಜಿ ಹಾಕುವ ವಾರ ಅಧಿಕೃತ ವೆಬ್‌ಸೈಟ್ ಮತ್ತೊಮ್ಮೆ ಓದಿ.

ಬೆಂಗಳೂರಿನಿಂದ ಡರ್ಬನ್‌ಗೆ ನೇರ ವಿಮಾನ ಇಲ್ಲ. ದುಬೈ, ದೋಹಾ, ಜೋಹಾನ್ಸ್‌ಬರ್ಗ್ ಮೂಲಕ ಹೋಗಬಹುದು. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕವೂ ಹೋಗಬಹುದು, ಎಷ್ಟೋ ಸಲ ಅದು ಅಗ್ಗ. ಆದರೆ ಇಥಿಯೋಪಿಯಾ, ಕೀನ್ಯಾ ಎರಡೂ ಹಳದಿ ಜ್ವರದ ಪಟ್ಟಿಯಲ್ಲಿರುವ ದೇಶಗಳು. ಅಲ್ಲಿ ಹೆಚ್ಚು ಹೊತ್ತು ತಂಗಿದರೆ ದಕ್ಷಿಣ ಆಫ್ರಿಕಾದವರು ಲಸಿಕೆ ಕಾರ್ಡ್ ಕೇಳುತ್ತಾರೆ. ವಾಪಸ್ ಬರುವಾಗ ನಮ್ಮ ಕಡೆ ಇನ್ನೂ ಬಿಗಿ. ಕಾರ್ಡ್ ಇಲ್ಲದವರನ್ನು 6 ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಇಲ್ಲಿನ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳಿಗೆ ಇದೆ. ಆ ದಾರಿ ಹಿಡಿದರೆ ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಲಸಿಕೆ ಹಾಕಿಸಿಕೊಳ್ಳಿ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ ಆಗಬೇಕು. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರ್ ಹತ್ತಿರ ಕೇಳಿ.

ಓಟ ಭಾನುವಾರ ಅಂದರೆ ಬುಧವಾರ ರಾತ್ರಿಯೊಳಗೆ ಡರ್ಬನ್‌ನಲ್ಲಿ ಇರಿ. ಅಲ್ಲಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದೆ. ಈ ವ್ಯತ್ಯಾಸ ನಮ್ಮ ಪರವಾಗಿಯೇ ಇದೆ. ಮೊದಲ ದಿನಗಳಲ್ಲಿ ಅಲ್ಲಿನ ಬೆಳಗಿನ ಎರಡು ಮೂರು ಗಂಟೆಗೇ ತಾನಾಗಿ ಎಚ್ಚರವಾಗುತ್ತದೆ. ಓಟದ ದಿನ ಏಳಬೇಕಾದದ್ದೂ ಅದೇ ಹೊತ್ತಿಗೆ. ಆ ಅಭ್ಯಾಸವನ್ನು ಬದಲಿಸಬೇಡಿ, ರಾತ್ರಿ ಎಂಟಕ್ಕೇ ಮಲಗಿಬಿಡಿ.

5. ಚೀಲದಲ್ಲಿ ಏನಿರಬೇಕು

ಓಡುವ ಶೂ, ಬಟ್ಟೆ, ಓಡುವಾಗ ಶಕ್ತಿಗೆ ನುಂಗುವ ಜೆಲ್, ನೀವು ದಿನಾ ತೆಗೆದುಕೊಳ್ಳುವ ಮಾತ್ರೆ ಎಲ್ಲ ಕೈಚೀಲದಲ್ಲಿ. ಚೆಕ್-ಇನ್ ಮಾಡಿದ ಸೂಟ್‌ಕೇಸ್ ಎರಡು ದಿನ ತಡವಾದರೂ ಓಟ ನಿಲ್ಲಬಾರದು.

ಬೆಳಗಿನ ಚಳಿಗೆ ಬಿಸಾಡಬಹುದಾದ ಹಳೆಯ ಸ್ವೆಟರ್. ಉಜ್ಜುವ ಜಾಗಗಳಿಗೆ ವ್ಯಾಸಲೀನ್. ಕ್ಯಾಪ್, ಸನ್‌ಸ್ಕ್ರೀನ್. ಪ್ಲಗ್ ವಿಷಯಕ್ಕೆ ಒಂದು ಒಳ್ಳೆಯ ಸುದ್ದಿ: ಅಲ್ಲಿನ ದೊಡ್ಡ ಗುಂಡು ಪಿನ್ನಿನ ಸಾಕೆಟ್‌ಗೆ ನಮ್ಮ ಗೀಸರ್, ಎಸಿಗೆ ಹಾಕುವ 15 ಆ್ಯಂಪಿಯರ್ ಪ್ಲಗ್ ಹೊಂದುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ, 5ರಿಂದ 15 ಆ್ಯಂಪಿಯರ್‌ಗೆ ಬದಲಿಸುವ ಅಡಾಪ್ಟರ್ ಜೊತೆಗೆ ಒಂದು ಸ್ಪೈಕ್ ಬಸ್ಟರ್ ಒಯ್ದರೆ ಇಡೀ ಗುಂಪಿನ ಫೋನು, ವಾಚು ಚಾರ್ಜ್ ಆಗುತ್ತವೆ.

ತಿಂಡಿಗೆ ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಮಿಕ್ಸ್ ಪ್ಯಾಕೆಟ್ ಸಾಕು. ಸೀಲ್ ಮಾಡಿದ ಪ್ಯಾಕೆಟ್‌ಗಳೇ ಇರಲಿ. ಹಣ್ಣು, ಹಾಲಿನ ಪದಾರ್ಥ ಬೇಡ.

6. ಡರ್ಬನ್‌ನಲ್ಲಿ ಓಟದ ಮುಂಚಿನ ದಿನಗಳು

ಗುರುವಾರದಿಂದ ಎಕ್ಸ್‌ಪೋ, ಅಂದರೆ ಓಟಗಾರರಿಗೆ ನಂಬರ್ ಹಂಚುವ ಮೇಳ. ಮೊದಲ ದಿನವೇ ಹೋಗಿ ಬಿಬ್ (ಅಂಗಿಗೆ ಸಿಕ್ಕಿಸಿಕೊಳ್ಳುವ ನಂಬರ್ ಚೀಟಿ) ತೆಗೆದುಕೊಂಡುಬಿಡಿ. ಬಿಬ್ ಮೇಲೆ ನಿಮ್ಮ ಹೆಸರು, ಹಿಂದೆ ಎಷ್ಟು ಸಲ ಮುಗಿಸಿದ್ದೀರಿ ಅನ್ನೋ ಸಂಖ್ಯೆ ಇರುತ್ತದೆ. ದಾರಿಯುದ್ದಕ್ಕೂ ಜನ ಅದನ್ನು ಓದಿ ಹೆಸರು ಹಿಡಿದು ಕೂಗುತ್ತಾರೆ. ಉದ್ದ ಹೆಸರಿನವರು ಎಂಟ್ರಿ ತುಂಬುವಾಗ ಅವಕಾಶ ಇದ್ದರೆ ಚಿಕ್ಕ ಹೆಸರು ಕೊಡಿ. ಅಪರಿಚಿತರ ಬಾಯಲ್ಲಿ ನಮ್ಮ ಹೆಸರು ಕೇಳುವ ಖುಷಿಯೇ ಬೇರೆ. ಹತ್ತು ಸಲ ಮುಗಿಸಿದವರಿಗೆ ಹಸಿರು ಬಿಬ್ ಸಿಗುತ್ತದೆ, ಆ ನಂಬರ್ ಮುಂದೆ ಸದಾ ಅವರದೇ. ಓಟದಲ್ಲಿ ಹಸಿರು ಬಿಬ್ ಕಂಡರೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಓಡಿ. ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು ಅಂತ ನೋಡಿಯೇ ಕಲಿಯಬಹುದು.

ದಾರಿಯನ್ನು ಮೊದಲೇ ತೋರಿಸುವ ಬಸ್ ಟೂರ್ ಇರುತ್ತದೆ. ಹೋಗಬೇಕಾ ಬೇಡವಾ ಅಂತ ಗುಂಪುಗಳಲ್ಲಿ ಪ್ರತಿ ಸಲ ವಾದ ನಡೆಯುತ್ತದೆ. ಹೋಗಿ ಅಂತ ನಾನು ಹೇಳುತ್ತೇನೆ. ಏರುಗಳನ್ನು ಕಣ್ಣಾರೆ ನೋಡಿದರೆ ಭಯ ಆಗುತ್ತದೆ ನಿಜ, ಆದರೆ ಶುಕ್ರವಾರದ ಭಯ ಭಾನುವಾರದ ಭಯಕ್ಕಿಂತ ಒಳ್ಳೆಯದು. ಶನಿವಾರ ಮಾತ್ರ ಎಲ್ಲಿಗೂ ಬೇಡ, ಕಾಲು ಚಾಚಿ ಮಲಗಿ.

ಊಟದ ಚಿಂತೆ ಡರ್ಬನ್‌ನಲ್ಲಿ ಇಲ್ಲ. ಕಬ್ಬಿನ ತೋಟದ ಕೂಲಿಗಳಾಗಿ 1860ರಿಂದ ಬಂದ ಭಾರತೀಯರ ಮಕ್ಕಳು ಮರಿಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಇಲ್ಲಿದ್ದಾರೆ. ಅನ್ನ, ಬೇಳೆ, ಪಲ್ಯ ಸಿಗುತ್ತದೆ. ಬ್ರೆಡ್ ತುಂಡಿನ ಒಳಗೆ ಟೊಳ್ಳು ಮಾಡಿ ಸಾರು ತುಂಬಿ ಕೊಡುವ ಬನ್ನಿ ಚೌ ಈ ಊರಿನ ತಿಂಡಿ. ಸಸ್ಯಾಹಾರಿಗಳಿಗೆ ಬೀನ್ಸ್ ಹಾಕಿದ್ದು ಇರುತ್ತದೆ. ಖಾರ ಜೋರು. ಅದನ್ನು ಓಟ ಆದ ಮೇಲೆ ತಿನ್ನಿ, ಮುಂಚೆ ಬೇಡವೇ ಬೇಡ.

ಕತ್ತಲಾದ ಮೇಲೆ ಬೀದಿಯಲ್ಲಿ ನಡೆದು ಓಡಾಡಬೇಡಿ, ಗುಂಪಾಗಿದ್ದರೂ ಸರಿ. ಹತ್ತಿರವೇ ಆದರೂ ಆ್ಯಪ್‌ನಲ್ಲಿ ಕ್ಯಾಬ್ ಕರೆಯಿರಿ. ಕೈಯಲ್ಲಿ ಫೋನ್ ಹಿಡಿದು ನಡೆಯುವ ಅಭ್ಯಾಸವನ್ನು ಊರಿನಲ್ಲೇ ಬಿಟ್ಟು ಬನ್ನಿ.

7. ಓಟದ ದಿನ

ಡೌನ್ ರನ್ ವರ್ಷವಾದರೆ ಡರ್ಬನ್‌ನಿಂದ ಪೀಟರ್‌ಮಾರಿಟ್ಸ್‌ಬರ್ಗ್‌ಗೆ ನಡುರಾತ್ರಿ ಕಳೆದ ಮೇಲೆ ಬಸ್‌ಗಳು ಹೊರಡುತ್ತವೆ. ಸೀಟು ಮೊದಲೇ ಕಾಯ್ದಿರಿಸಿ. ಅಪ್ ರನ್ ಆದರೆ ಹೋಟೆಲ್‌ನಿಂದ ಡರ್ಬನ್ ಸಿಟಿ ಹಾಲ್‌ಗೆ ಹೋದರೆ ಸಾಕು. ಓಟ ಶುರುವಾಗುವುದು ಬೆಳಗಿನ ಐದರಿಂದ ಆರರ ನಡುವೆ, ಇನ್ನೂ ಗಾಢ ಕತ್ತಲೆ. ಜೂನ್ ಅಲ್ಲಿ ಚಳಿಗಾಲ. ಪೀಟರ್‌ಮಾರಿಟ್ಸ್‌ಬರ್ಗ್‌ನಲ್ಲಿ ಆಗ ಮಡಿಕೇರಿಯ ಡಿಸೆಂಬರ್ ಬೆಳಗಿಗಿಂತಲೂ ಹೆಚ್ಚು ಚಳಿ ಇರುತ್ತದೆ. ಮಧ್ಯಾಹ್ನ ಡರ್ಬನ್ ಸಮೀಪಿಸುವಾಗ ಬಿಸಿಲು ಸುಡುತ್ತದೆ.

ಸ್ಟಾರ್ಟ್‌ನಲ್ಲಿ ರಾಷ್ಟ್ರಗೀತೆ, ಆಮೇಲೆ ಶೋಶೊಲೋಜಾ. ಗಣಿಗಳಿಗೆ ದುಡಿಯಲು ಹೋಗುತ್ತಿದ್ದ ಕೂಲಿಗಳ ಹಾಡು ಅದು. ಸಾವಿರಾರು ಜನ ಒಟ್ಟಿಗೆ, ದನಿ ಎತ್ತಿ ಹಾಡುತ್ತಾರೆ. ಕೊನೆಗೆ ಕೋಳಿ ಕೂಗುವ ಸದ್ದು. 1948ರಲ್ಲಿ ಮ್ಯಾಕ್ಸ್ ಟ್ರಿಂಬಾರ್ನ್ ಎಂಬ ಓಟಗಾರ ಬಾಯಲ್ಲಿ ಮಾಡಿದ್ದ ಹುಂಜದ ಕೂಗನ್ನು ರೆಕಾರ್ಡ್ ಮಾಡಿ ಈಗಲೂ ಹಾಕುತ್ತಾರೆ. ಅದರ ಬೆನ್ನಿಗೇ ಗನ್. ಆ ಐದು ನಿಮಿಷ ಫೋನ್ ತೆಗೆಯಬೇಡಿ, ಗೆಳೆಯರ ಹೆಗಲ ಮೇಲೆ ಕೈ ಹಾಕಿ ನಿಂತು ಕೇಳಿ.

ಪೇಸ್ ಲೆಕ್ಕ ಹೀಗೆ. 90 ಕಿಲೋಮೀಟರ್‌ಗೆ 12 ಗಂಟೆ ಅಂದರೆ ಕಿಲೋಮೀಟರ್‌ಗೆ ಸರಿಯಾಗಿ 8 ನಿಮಿಷ. ಸ್ಟಾರ್ಟ್‌ನ ನೂಕುನುಗ್ಗಲು, ಶೌಚಾಲಯ, ನೀರಿನ ಮೇಜು ಎಲ್ಲ ಅದರಲ್ಲೇ ಬರಬೇಕು. ಏಳೂವರೆ ನಿಮಿಷದ ಸರಾಸರಿ ಇಟ್ಟುಕೊಂಡರೆ 11 ಗಂಟೆ 15 ನಿಮಿಷ ಆಗುತ್ತದೆ, 45 ನಿಮಿಷ ಕೈಯಲ್ಲಿ ಉಳಿಯುತ್ತದೆ. ದಾರಿಯಲ್ಲಿ ಹಲವು ಕಡೆ ಕಟ್-ಆಫ್ ಇದೆ. ಅದರೊಳಗೆ ತಲುಪದಿದ್ದರೆ ಅಲ್ಲೇ ನಿಲ್ಲಿಸಿ ಬಸ್ ಹತ್ತಿಸುತ್ತಾರೆ. ಆ ವರ್ಷದ ಕಟ್-ಆಫ್ ಸಮಯಗಳನ್ನು ಚೀಟಿಯಲ್ಲಿ ಬರೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಜೇಬಲ್ಲಿ ಇಡಿ. ಅಲ್ಲಿನ ಕಿಲೋಮೀಟರ್ ಫಲಕಗಳು ಓಡಿದ ದೂರ ಹೇಳುವುದಿಲ್ಲ, ಉಳಿದ ದೂರ ಹೇಳುತ್ತವೆ. ಬೆಳಿಗ್ಗೆ 85 ಅಂತ ಕಂಡಾಗ ಎದೆ ಧಸಕ್ ಅನ್ನುತ್ತದೆ. ಮಧ್ಯಾಹ್ನ 21 ಕಂಡಾಗ ಅದೇ ಫಲಕ ಕೈಹಿಡಿದು ಎಳೆಯುತ್ತದೆ.

ಇನ್ನು "ಬಸ್". ನಿಮ್ಮನ್ನು ಎತ್ತಿಕೊಂಡು ಹೋಗುವ ಬಸ್ ಅಲ್ಲ, ಒಬ್ಬ ಅನುಭವಿ ಓಟಗಾರನ ಹಿಂದೆ ಗುಂಪಾಗಿ ಓಡುವವರನ್ನು ಅಲ್ಲಿ ಹೀಗೆ ಕರೆಯುತ್ತಾರೆ. ಮುಂದಿರುವವರು ಡ್ರೈವರ್. ಕೈಯಲ್ಲಿ ಬಾವುಟ, ಅದರ ಮೇಲೆ 11 ಗಂಟೆ, ಹನ್ನೊಂದೂವರೆ ಅಂತ ಗುರಿ ಬರೆದಿರುತ್ತದೆ. ಎಲ್ಲಿ ನಡೆಯಬೇಕು, ಎಷ್ಟು ಹೆಜ್ಜೆ, ಎಲ್ಲಿ ಓಡಬೇಕು ಎಲ್ಲ ಅವರೇ ಹೇಳುತ್ತಾರೆ. ಡ್ರೈವರ್ ಒಂದು ಸಾಲು ಹಾಡಿದರೆ ಹಿಂದಿನ ನೂರಾರು ಜನ ಜುಲು ಭಾಷೆಯಲ್ಲಿ ಉತ್ತರ ಹಾಡುತ್ತಾರೆ, ಹೆಜ್ಜೆಗಳು ಅದರ ತಾಳಕ್ಕೆ ಬೀಳುತ್ತವೆ. ಗೆಳೆಯರಿಂದ ಬೇರೆಯಾಗಿ ಒಂಟಿಯಾದಿರಿ ಅಂದರೆ ಒಂದು ಬಸ್ ಸೇರಿಕೊಳ್ಳಿ. ಹಿಂದೆ ಬಿದ್ದ ಗೆಳೆಯನನ್ನು ಧೈರ್ಯವಾಗಿ ಬಿಟ್ಟು ಹೋಗಬಹುದು ಅಂತ ನಾನು ಹೇಳುವುದೂ ಇದೇ ನಂಬಿಕೆಯ ಮೇಲೆ. ಈ ರಸ್ತೆಯಲ್ಲಿ ಯಾರೂ ಒಬ್ಬರೇ ಉಳಿಯುವುದಿಲ್ಲ.

ನೀರು ಲೋಟದಲ್ಲಿ ಕೊಡುವುದಿಲ್ಲ, ಪುಟ್ಟ ಪ್ಲಾಸ್ಟಿಕ್ ಸ್ಯಾಷೆಯಲ್ಲಿ. ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಹಿಂಡಿ ಕುಡಿಯಬೇಕು. ಎರಡು ತೆಗೆದುಕೊಳ್ಳಿ, ಒಂದು ಬಾಯಿಗೆ, ಒಂದು ಕತ್ತಿನ ಮೇಲೆ. ಅರ್ಧ ತುಂಬಿದ ಸ್ಯಾಷೆ ಮೇಲೆ ಕಾಲಿಟ್ಟರೆ ಜಾರುತ್ತದೆ, ನೀರಿನ ಮೇಜುಗಳ ಹತ್ತಿರ ನೆಲ ನೋಡಿ ಓಡಿ. ಮುಂದೆ ಹೋದಂತೆ ಕೋಲಾ, ಬಾಳೆಹಣ್ಣು, ಕಿತ್ತಳೆ, ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆ ಬರುತ್ತವೆ. 50 ಕಿಲೋಮೀಟರ್ ಆದ ಮೇಲೆ ಸಿಹಿ ಜೆಲ್ ಗಂಟಲಲ್ಲಿ ಇಳಿಯದಿದ್ದಾಗ ಆ ಆಲೂಗಡ್ಡೆ ಅಮೃತ. ಬಾಯಾರಿದಷ್ಟೇ ನೀರು ಕುಡಿಯಿರಿ. ಸುಮ್ನೆ ಪ್ರತಿ ಮೇಜಿನಲ್ಲೂ ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಅಪಾಯಕ್ಕೆ ಇಳಿಯಬಹುದು.

ಇನ್ನೊಂದು ವಿಷಯವನ್ನು ಗುಂಪಿನ ಪ್ರತಿಯೊಬ್ಬರಿಗೂ ಹೇಳಿ. ಓಟದ ದಿನ ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆ ನುಂಗಬೇಡಿ. ಹತ್ತು ಹನ್ನೆರಡು ಗಂಟೆ ಬೆವರು ಹರಿದ ದೇಹದಲ್ಲಿ ಅವು ಕಿಡ್ನಿಗೆ ಹೊಡೆತ ಕೊಡುತ್ತವೆ. ಗೆಳೆಯ ಕೇಳಿದ ಅಂತ ಜೇಬಿನಿಂದ ತೆಗೆದು ಕೊಡಬೇಡಿ.

ಇಂಚಾಂಗಾ ಹತ್ತಿರ ಎಥೆಂಬೆನಿ ಶಾಲೆಯ ಮಕ್ಕಳು ರಸ್ತೆ ಬದಿಗೆ ಬಂದು ಕೂತಿರುತ್ತಾರೆ. ಅಂಗವಿಕಲ ಮಕ್ಕಳ, ದೃಷ್ಟಿ ಮಂದವಾದ ಮಕ್ಕಳ ಶಾಲೆ ಅದು. ಎಲ್ಲರೂ ಕೈ ಚಾಚಿರುತ್ತಾರೆ. ಅಲ್ಲಿ ವೇಗ ತಗ್ಗಿಸಿ, ಆ ಕೈಗಳನ್ನು ಮುಟ್ಟಿಯೇ ಹೋಗಿ. ಡ್ರಮಂಡ್ ಹತ್ತಿರ ದಿಬ್ಬದಲ್ಲಿ ಆರ್ಥರ್ಸ್ ಸೀಟ್ ಎಂಬ ಗೂಡು ಇದೆ. ಐದು ಸಲ ಗೆದ್ದ ಆರ್ಥರ್ ನ್ಯೂಟನ್ ಅಲ್ಲಿ ಕೂತು ದಣಿವಾರಿಸಿಕೊಳ್ಳುತ್ತಿದ್ದರಂತೆ. ಒಂದು ಹೂವಿಟ್ಟು ನಮಸ್ಕಾರ ಹೇಳಿದರೆ ಉಳಿದರ್ಧ ಚೆನ್ನಾಗಿ ಸಾಗುತ್ತದೆ ಅನ್ನೋದು ಅಲ್ಲಿನವರ ನಂಬಿಕೆ. ದಾರಿ ಬದಿಯ ಒಂದು ಕಾಡುಹೂವು ಮೊದಲೇ ಕಿತ್ತು ಇಟ್ಟುಕೊಳ್ಳಿ.

ಓಡದೆ ಜೊತೆಗೆ ಬಂದವರು, ಮನೆಯವರು ಎಲ್ಲ ಕಡೆ ಸಿಗುತ್ತೀವಿ ಅಂದುಕೊಂಡರೆ ಆಗುವುದಿಲ್ಲ. ರಸ್ತೆಗಳು ಮುಚ್ಚಿರುತ್ತವೆ. ಹಿಲ್‌ಕ್ರೆಸ್ಟ್ ಅಥವಾ ಪೈನ್‌ಟೌನ್‌ನಂಥ ಒಂದು ಜಾಗ, ಆಮೇಲೆ ಫಿನಿಶ್, ಅಷ್ಟೇ. ರಸ್ತೆಯ ಎಡವೋ ಬಲವೋ ಅಂತಲೂ ನಿಗದಿ ಮಾಡಿ. ಊರಿನಲ್ಲಿರುವವರು ಆ್ಯಪ್‌ನಲ್ಲಿ ನಿಮ್ಮ ಬಿಬ್ ನಂಬರ್ ಹಾಕಿ ನೋಡುತ್ತಿರಬಹುದು.

8. ಮುಗಿದ ಮೇಲೆ

ಮೊದಲು ಮುಗಿಸಿದವರು ಹೋಟೆಲ್‌ಗೆ ಓಡಿಹೋಗಬೇಡಿ. ಬೆಚ್ಚಗೆ ಏನಾದರೂ ಹೊದ್ದು, ಕೊನೆಯ ಅರ್ಧ ಗಂಟೆ ಫಿನಿಶ್ ಹತ್ತಿರವೇ ಇರಿ. 12 ಗಂಟೆ ಸಮೀಪಿಸಿದಾಗ ಒಬ್ಬರು ಗೆರೆಯ ಮೇಲೆ ಬಂದು, ಓಡಿ ಬರುವವರಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಯಾರು ಎಷ್ಟು ಹತ್ತಿರ ಇದ್ದಾರೆ ಅಂತ ಅವರು ನೋಡುವ ಹಾಗಿಲ್ಲ. ಗಡಿಯಾರ ತುಂಬಿದ ಕ್ಷಣ ಗನ್ ಹೊಡೆಯುತ್ತಾರೆ. ಎರಡು ಹೆಜ್ಜೆ ಹಿಂದೆ ಇದ್ದವರಿಗೂ ಮೆಡಲ್ ಇಲ್ಲ. ಆ ಕಡೆ ಇರುವುದು ನಿಮ್ಮ ಗೆಳೆಯನೇ ಆಗಿರಬಹುದು.

ಆಗ ಏನು ಮಾಡಬೇಕು ಅನ್ನೋದು ಮುಖ್ಯ. ತಬ್ಬಿಕೊಳ್ಳಿ, ನೀರು ಕೊಡಿ, ಶೂ ಬಿಚ್ಚಿ. ಎಲ್ಲಿ ತಪ್ಪಾಯಿತು, ಎಷ್ಟು ನಿಮಿಷ ಎಲ್ಲಿ ಹೋಯಿತು ಅನ್ನೋ ಲೆಕ್ಕ ಆ ರಾತ್ರಿ ಬೇಡ. ಅವರಾಗಿಯೇ ಕೇಳಿದ ಮೇಲೆ ಮಾತಾಡಿ.

ಆ ರಾತ್ರಿ ಎಲ್ಲರೂ ಮೂತ್ರದ ಬಣ್ಣ ಗಮನಿಸಿ. ಕೋಲಾ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಗಂಟೆಗಟ್ಟಲೆ ಬರದೇ ಇದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಇದಕ್ಕೇ ಟ್ರಾವೆಲ್ ಇನ್ಶೂರೆನ್ಸ್ ಕೊಳ್ಳುವಾಗ ಓಟದ ಸ್ಪರ್ಧೆಗೂ ಅದು ಅನ್ವಯಿಸುತ್ತದಾ ಅಂತ ಮೊದಲೇ ಕೇಳಿರಬೇಕು. ಓಟದ ರಾತ್ರಿಯೇ ವಿಮಾನ ಹತ್ತಬೇಡಿ. ಎರಡು ದಿನವಾದರೂ ಬಿಟ್ಟು ಹೊರಡಿ. ವಿಮಾನದಲ್ಲಿ ಗಂಟೆಗೊಮ್ಮೆ ಎದ್ದು ನಡೆಯಿರಿ.

ಸುತ್ತಾಟ ಎಲ್ಲ ಓಟದ ನಂತರವೇ ಇಟ್ಟುಕೊಳ್ಳಿ. ಕಾಲು ನೋವಿರುವಾಗ ಸಫಾರಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಜೀಪಿನಲ್ಲಿ ಕೂತರೆ ಆಯಿತು. ಡರ್ಬನ್‌ನಿಂದ ಉತ್ತರಕ್ಕೆ ಮೂರು ಗಂಟೆಯ ದಾರಿಯಲ್ಲಿ ಶ್ಲುಶ್ಲುವೆ-ಇಮ್ಫೊಲೋಜಿ ಕಾಡು ಇದೆ, ಘೇಂಡಾಮೃಗಗಳಿಗೆ ಹೆಸರಾದದ್ದು. ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವುದಾದರೆ ಮಲೇರಿಯಾ ಮಾತ್ರೆ ಬಗ್ಗೆ ಊರಿನಲ್ಲೇ ಡಾಕ್ಟರ್ ಹತ್ತಿರ ಕೇಳಿ. ಕೇಪ್‌ಟೌನ್‌ನ ಟೇಬಲ್ ಮೌಂಟನ್‌ಗೆ ಕೇಬಲ್ ಕಾರ್‌ನಲ್ಲೇ ಹೋಗಿ, ನಡೆದು ಇಳಿಯುವ ಆಸೆ ಬೇಡ.

ಪೀಟರ್‌ಮಾರಿಟ್ಸ್‌ಬರ್ಗ್ ರೈಲ್ವೆ ನಿಲ್ದಾಣಕ್ಕೆ ಮಾತ್ರ ಹೇಗಾದರೂ ಬಿಡುವು ಮಾಡಿಕೊಳ್ಳಿ. 1893ರ ಜೂನ್ 7ರ ರಾತ್ರಿ ಗಾಂಧೀಜಿಯನ್ನು ಮೊದಲ ದರ್ಜೆಯ ಡಬ್ಬಿಯಿಂದ ಹೊರಗೆ ತಳ್ಳಿದ್ದು ಇಲ್ಲೇ. ಆ ತಾರೀಖು ಸಾಮಾನ್ಯವಾಗಿ ಓಟದ ಆಸುಪಾಸಿನಲ್ಲೇ ಬರುತ್ತದೆ. ಸ್ಟಾರ್ಟ್‌ನಲ್ಲಿ ನಡುಗಿಸಿದ ಅದೇ ಜೂನ್ ಚಳಿಯಲ್ಲಿ ಅವರು ರಾತ್ರಿಯಿಡೀ ವೇಟಿಂಗ್ ರೂಮಿನಲ್ಲಿ ಕೂತಿದ್ದರು. ಈ ಓಟದ ಮಟ್ಟಿಗೂ ಇಂಥ ಕತೆ ಹೊರಗಿನದಲ್ಲ. ಕಪ್ಪು ಜನರಿಗೆ, ಹೆಂಗಸರಿಗೆ ಕಾಮ್ರೇಡ್ಸ್‌ನಲ್ಲಿ ಅಧಿಕೃತವಾಗಿ ಓಡಲು ಬಿಟ್ಟದ್ದು 1975ರಲ್ಲಿ. ಅದಕ್ಕೂ ನಲವತ್ತು ವರ್ಷ ಮುಂಚೆ, 1935ರಲ್ಲಿ, ರಾಬರ್ಟ್ ಮ್ಟ್ಶಾಲಿ ಎಂಬ ಕಪ್ಪು ಓಟಗಾರ ಅನುಮತಿ ಇಲ್ಲದೆಯೇ ಓಡಿ ಮುಗಿಸಿದ್ದರು. ಈಗ 9ರಿಂದ 10 ಗಂಟೆಯೊಳಗೆ ಮುಗಿಸುವವರ ಮೆಡಲ್‌ಗೆ ಅವರದೇ ಹೆಸರು. ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಅದು ಸಿಕ್ಕಿದ್ದರೆ ಮ್ಟ್ಶಾಲಿ ಬಗ್ಗೆ ಓದಿ ತಿಳಿದುಕೊಳ್ಳಿ.

ಮೊದಲ ಸಲ ಮುಗಿಸಿದವರಿಗೆ ಒಂದು ವಿಷಯ. ಮುಂದಿನ ವರ್ಷವೇ ಬಂದು ಎರಡನೇ ಸಲವೂ ಮುಗಿಸಿದರೆ ಬ್ಯಾಕ್-ಟು-ಬ್ಯಾಕ್ ಅಂತ ಇನ್ನೊಂದು ಮೆಡಲ್ ಕೊಡುತ್ತಾರೆ. ಮೊದಲ ಎರಡು ಓಟಗಳು ಬೆನ್ನುಬೆನ್ನಿಗೆ ಇದ್ದರೆ ಮಾತ್ರ ಸಿಗುತ್ತದೆ, ಆಮೇಲೆ ಎಷ್ಟು ವರ್ಷ ಓಡಿದರೂ ಸಿಗುವುದಿಲ್ಲ. ಒಂದು ಅಪ್, ಒಂದು ಡೌನ್, ಎರಡೂ ಆದಂತೆಯೂ ಆಗುತ್ತದೆ. ಆಸೆ ಇದ್ದರೆ ಆಗಸ್ಟ್ ಹೊತ್ತಿಗೆ ಮತ್ತೆ ಓಡಲು ಶುರು ಮಾಡಿ, ಸೆಪ್ಟೆಂಬರ್‌ನಿಂದಲೇ ಎಂಟ್ರಿಯ ದಿನಾಂಕ ನೋಡುತ್ತಿರಿ.